ಗೋಡೆ ಪಕ್ಕದ ಜಾಗ

ಗೋಡೆಯ ಮೇಲೆ ಆ ಬೆರಳು, ಹಸಿರು ಬಳೆಯ ಕೈಯಿಂದ ನೆಟ್ಟಗೆ ಚಾಚಿದ ಒಂದೇ ಬೆರಳು, ನನ್ನ ಬೆರಳಿರಬೇಕಾದ ಕಡೆ ಎಷ್ಟು ಹಾಯಾಗಿ ಊರಿಕೊಂಡಿದೆ ನೋಡು — ಜಯನಗರದ ಈ ಛತ್ರದ ಊಟದ ಹಾಲಿನಲ್ಲಿ ಯೋಗ ಕ್ಲಾಸು ಶುರುವಾದ ದಿನದಿಂದ ಆ ಗೋಡೆ ನನ್ನದು, ಇವತ್ತೂ ಎಲ್ಲರಿಗಿಂತ ಮೊದಲು ಬಂದು ಕರ್ಚೀಫ್ ಹಾಕಿ ಕಾಲು ತೊಳೆಯಲು ಹೋಗಿದ್ದೆ, ಬಸ್ಸಿನ ಸೀಟಾಗಲಿ ಮದುವೆ ಊಟದ ಕುರ್ಚಿಯಾಗಲಿ ಕರ್ಚೀಫ್ ಬಿತ್ತೆಂದರೆ ಮುಗಿಯಿತು, ಅಷ್ಟೂ ಗೊತ್ತಾಗಬೇಡವೇ — ಬಂದು ನೋಡಿದರೆ ಈ ಮುರಿಗೆವ್ವ, ಬಿಟಿಎಂ ಲೇಔಟ್‌ನಲ್ಲಿರುವ ಮಗಳ ಬಾಡಿಗೆ ಮನೆಗೆ ಬಂದು ಇನ್ನೂ ತಿಂಗಳಾಗಿಲ್ಲ, ನನ್ನ ಜಾಗದಲ್ಲಿ ಚಾಪೆ ಹಾಸಿಕೊಂಡು, ಯಾರದೋ ಕರ್ಚೀಫ್ ಬಿದ್ದಿತ್ರೀ ಅಕ್ಕಾರ, ಮಡಚಿ ಕಿಟಕ್ಯಾಗ ಇಟ್ಟೀನ್ರಿ, ಎಂದು ನಗುತ್ತಾಳೆ, ಮಡಚಿದ್ದಾಳೆ ನಿಜ, ನಾಲ್ಕು ಮೂಲೆ ಸರಿಯಾಗಿ ಕೂಡಿಸಿ, ಜಗಳ ತೆಗೆಯಲೂ ದಾರಿಯಿಲ್ಲದ ಹಾಗೆ, ನಾನು ಅವಳ ಪಕ್ಕದಲ್ಲಿ ಗೋಡೆಯಿಲ್ಲದ ಕಡೆ ಚಾಪೆ ಹಾಸಬೇಕಾಯಿತು.

ಒಂದು ಕಾಲೆತ್ತಿ, ಪಾದ ತೊಡೆಗೆ ಒತ್ತಿ, ಹಿರಿಯರು ಒಂದು ಕೈ ಎದೆಗಿಟ್ರೆ ಸಾಕು, ಬಾಡಿ ಜೊತೆ ಜಗಳ ಬೇಡ, ಬಿ ಜೆಂಟಲ್, ಎನ್ನುತ್ತಾರೆ ಶ್ರೀಕರ್ ಮಾಸ್ಟರು, ನನ್ನ ಮಗನಿಗಿಂತ ಚಿಕ್ಕವರು — ಬಾಡಿ ಜೊತೆ ಯಾರಿಗಪ್ಪ ಜಗಳ, ನನ್ನ ಜಗಳ ಮುರಿಗೆವ್ವನ ಜೊತೆ — ವೃಕ್ಷಾಸನ ಅಂದ್ರೆ ಪಂಕಜಾ ಮೇಡಂನ ನೋಡಿ ಕಲೀರಿ ಎಂದು ವಾರಕ್ಕೆರಡು ಸಲ ನನ್ನನ್ನು ಹೊಗಳುತ್ತಾರೆ, ಪಾಪ, ಮೇಡಂನ ಕಿರುಬೆರಳು ದುಪಟ್ಟಾ ಮರೆಯಲ್ಲಿ ಗೋಡೆ ಮುಟ್ಟಿರುವುದು ಅವರಿಗೇನು ಗೊತ್ತು, ಈ ಮುರಿಗೆವ್ವನೋ ಮುಚ್ಚುಮರೆಯೇ ಇಲ್ಲದೆ ಎಲ್ಲರೆದುರು ಊರಿಕೊಂಡು ನಿಂತಿದ್ದಾಳೆ, ನಾಚಿಕೆ ಬೇಡವೇ — ಅದೂ ಇವತ್ತೇ ಆಗಬೇಕೆ, ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಮ್ಮ ಯಜಮಾನರು ಮೊಬೈಲ್ ಹಿಡಿದು ಕೂತಿರುವಾಗ, ಒಂದು ನಿಮಿಷ ಒಂಟಿ ಕಾಲಲ್ಲಿ ನಿಂತು ತೋರ್ಸು, ಆಮೇಲೆ ಮಾರ್ಕೆಟ್‌ಗೆ ಒಬ್ಳೇ ಹೋಗು, ನಾನು ಬರಲ್ಲ, ಎಂದು ಅವರೇ ಮಾತು ಕೊಟ್ಟಿದ್ದಾರೆ — ಹೋದ ವರ್ಷ ನಾನು ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಾಗಿನಿಂದ ನನ್ನ ಮೊಣಕೈ ಬಿಟ್ಟಿಲ್ಲ ಈ ಮನುಷ್ಯ, ಹೊಸಿಲು ದಾಟುವಾಗಲೂ ಹಿಡಿಯುತ್ತಾರೆ, ಫೋರ್ತ್ ಬ್ಲಾಕ್ ಮಾರ್ಕೆಟ್‌ನಲ್ಲಿ ಅವರೆಕಾಯಿ ಆರಿಸುವಾಗಲೂ ಹಿಡಿಯುತ್ತಾರೆ, ಅಂಕಲ್, ಆಂಟಿಗೆ ಕಣ್ಣು ಕಾಣಲ್ವಾ ಎಂದು ಕೇಳಿದಳು ತರಕಾರಿಯವಳು, ಕಣ್ಣೆಲ್ಲ ನೆಟ್ಟಗಿದೆಯಮ್ಮ, ನನಗೆ ಬೇಕಾಗಿರುವುದು ನನ್ನ ಮೊಣಕೈ ವಾಪಸ್ಸು.

ಇಪ್ಪತ್ತು ಸೆಕೆಂಡು, ಎನ್ನುತ್ತಾರೆ ಯಜಮಾನರು ಮೊಬೈಲ್ ನೋಡಿ, ಇಡೀ ಹಾಲಿಗೆ ಕೇಳುವ ಹಾಗೆ — ನಿಂತಿದ್ದೇನೆ, ಗೋಡೆಯಿಲ್ಲದೆ ನಿಂತಿದ್ದೇನೆ, ಸಿಟ್ಟಿನಲ್ಲಿ ಇಷ್ಟು ಶಕ್ತಿಯಿದೆ ಎಂದು ಮಾಸ್ಟರು ಹೇಳಿಕೊಡಲೇ ಇಲ್ಲವಲ್ಲ — ಮೂವತ್ತೈದು, ಹೆಬ್ಬೆರಳು ಚಾಪೆಯನ್ನು ಒತ್ತಿ ಹಿಡಿದಿದೆ, ಹಿಮ್ಮಡಿ ಆಡುತ್ತಿದೆ, ಬಚ್ಚಲ ನೆಲ, ಬಕೆಟ್ಟು ಉರುಳಿದ ಸದ್ದು, ನನಗೆ ಭಯ ಕಣೇ, ಬೇರೇನಲ್ಲ, ಬೀಳುವ ಭಯ, ಮಾರ್ಕೆಟ್ಟೂ ಬೇಡ ಅವರೆಕಾಯೂ ಬೇಡ — ನಲವತ್ತೆರಡು — ಪಕ್ಕದಿಂದ ಮುರಿಗೆವ್ವನ ಬೆರಳು, ಗೋಡೆಯ ಮೇಲಿನದಲ್ಲ, ಇನ್ನೊಂದು ಕೈಯದು, ಎದೆಯಿಂದ ಇಳಿದು ನನ್ನ ಕಡೆ ಚಾಚಿದೆ, ಹಿಡ್ಕೋರೀ ಅಕ್ಕಾರ, ಬೇಡಮ್ಮ, ಎಲ್ಲ ನೋಡ್ತಿದಾರೆ, ಬ್ಯಾಡಾದ್ರ ಬಿಡ್ರಿ, ಇಲ್ಲೇ ಇರ್ತೈತಿ — ಇದ್ದೇ ಇದೆ, ಗೇಣುದ್ದ ದೂರದಲ್ಲಿ, ಉಗುರಿನಂಚಿಗೆ ಅರಿಶಿನ, ಹಿಡಿದರೆ ನಿಮಿಷ ಹೋಯಿತು, ಮೊಣಕೈ ಮತ್ತೆ ಅವರ ಕೈಗೆ, ಪಂಕಜಾ ಮೇಡಂ ಎಂಬ ಹೆಸರೂ ಹೋಯಿತು — ಐವತ್ತೊಂದು, ಪಂಕಜಾ, ಬೀಳ್ತೀಯ ಕಣೆ, ಕುರ್ಚಿ ಸರಿದ ಸದ್ದು, ಎದ್ದರು, ಓಡಿ ಬರುತ್ತಿದ್ದಾರೆ — ಹಿಡಿದೆ, ಎಲ್ಲರೆದುರಿಗೇ ಹಿಡಿದೆ, ಹಿಡಿದರೆ ಇದೇನು ಇದು, ಅಷ್ಟು ಹಾಯಾಗಿ ನಿಂತವಳ ಬೆರಳು, ಗೋಡೆಯನ್ನೇ ಹಿಡಿದಿರುವವಳ ಬೆರಳು, ಅದೂ ನಡುಗುತ್ತಿದೆ, ನನ್ನದಕ್ಕಿಂತ ಜಾಸ್ತಿ ನಡುಗುತ್ತಿದೆ, ಬಿಡ್ಬ್ಯಾಡ್ರಿ ಅಕ್ಕಾರ, ಇಲ್ಲ ಬಿಡಲ್ಲ, ಅವರು ಬಂದು ಮೊಣಕೈ ಹಿಡಿದರೂ ಈ ಬೆರಳು ಬಿಡಲ್ಲ.