ಅಪ್ಪನ್ನ ಕೇಳಿ

ನನ್ನ ಮಗಳನ್ನು ಮನೆಯಲ್ಲಿ ಪಿಟೀಲು ಅಂತ ಕರೆಯುತ್ತೇವೆ. ಉಬ್ಬಸ ಬಂದಾಗ ಅವಳ ಎದೆ ಕುಂಯ್ ಅನ್ನುತ್ತದೆ. ಆ ಹೆಸರಿಟ್ಟುಕೊಂಡವಳೂ ಅವಳೇ. ಔಷಧಿಯ ಪಂಪು ಬಾಯಿಗಿಟ್ಟು ಎಳೆದುಕೊಂಡರೆ ಸದ್ದು ಅಡಗುತ್ತದೆ. ಅದಕ್ಕೇ ಒಂದು ಪಂಪು ಮನೆಯಲ್ಲಿ, ಇನ್ನೊಂದು ಶಾಲೆಯ ನರ್ಸಮ್ಮನ ಡ್ರಾಯರಿನಲ್ಲಿ.

ನನ್ನ ಗಂಡನದು ಬಣ್ಣದ ಅಂಗಡಿ. ಈಚೆಗೆ ಅಂಗಡಿಗಿಂತ ಮಸೂದೆಯ ಹುಚ್ಚೇ ಹೆಚ್ಚು. ಹೆತ್ತವರು ಒಪ್ಪದೆ ಶಾಲೆಯಲ್ಲಿ ಯಾರೂ ಮಕ್ಕಳಿಗೆ ಔಷಧಿ ಕೊಡಬಾರದು, ಮೈಮುಟ್ಟಿ ಪರೀಕ್ಷೆ ಮಾಡಬಾರದು ಅನ್ನುವ ಕಾನೂನು ಬರಬೇಕಂತೆ. ಸುಮ್ಮಸುಮ್ಮನೆ ಶುರುವಾಗಿದ್ದೇನಲ್ಲ. ಹೋದ ವರ್ಷ ನಮಗೊಂದು ಮಾತೂ ಹೇಳದೆ ಶಾಲೆಯವರು ಹುಳದ ಮಾತ್ರೆ ನುಂಗಿಸಿದ್ದರು. ಮಗು ವಾಂತಿ ಮಾಡಿ ಮಾಡಿ ಸುಸ್ತಾಗಿತ್ತು. ಆಗ ನಾನೂ ಶಾಲೆಗೆ ಹೋಗಿ ಕೂಗಾಡಿದ್ದೆ. ನನ್ನ ಕೋಪ ಇಳಿಯಿತು, ಗಂಡನ ಕೋಪಕ್ಕೆ ಮೈಕು ಸಿಕ್ಕಿತು.

ಪೋಷಕರ ಸಂಘದವರು ಮನೆಗೆ ಬಂದರೆ ಇವರು ಮಗಳನ್ನು ಎದುರಿಗೆ ನಿಲ್ಲಿಸುತ್ತಿದ್ದರು.

"ಶಾಲೇಲಿ ಯಾರಾದ್ರೂ ಔಷಧಿ ಕೊಟ್ರೆ?"

"ಬಾಯಿ ಮುಚ್ಕೋಬೇಕು!"

"ಏನನ್ನಬೇಕು?"

"ಅಪ್ಪನ್ನ ಕೇಳಿ!"

ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಇವಳು ನಾಚಿಕೊಂಡು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಮಸೂದೆ ಇನ್ನೂ ಪಾಸಾಗಿರಲಿಲ್ಲ. ಆದರೂ ಹೆಡ್‌ಮಾಸ್ಟರಿಗೆ ನನ್ನ ಗಂಡನ ಬಾಯಿಯ ಭಯ. ಅಪ್ಪ ಹೂಂ ಅನ್ನದೆ ಆ ಹುಡುಗಿಗೆ ನೀರು ಕೊಡುವಾಗಲೂ ಯೋಚಿಸಿ ಅಂತ ಎಲ್ಲರಿಗೂ ಹೇಳಿಟ್ಟಿದ್ದರಂತೆ.

ಅವತ್ತು ನಾನು ಹೊಲಿಗೆ ಅಂಗಡಿಯಲ್ಲಿ ಕಾಲರು ಕತ್ತರಿಸುತ್ತಿದ್ದೆ. ನರ್ಸಮ್ಮನ ಫೋನು ಬಂತು.

"ಅಕ್ಕಾ, ಓಡಿ ಬನ್ನಿ. ಅಂಬುಲೆನ್ಸಿಗೆ ಹೇಳಿದೀನಿ. ನಿಮ್ಮ ಯಜಮಾನ್ರು ಫೋನೇ ತೆಗೀತಿಲ್ಲ."

ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಓಡಿದೆ. ಶಾಲೆ ಎದುರು ರಸ್ತೆಯಲ್ಲೇ. ನರ್ಸಮ್ಮನ ಕೋಣೆಯಲ್ಲಿ ಮಗಳು ಮಂಚದ ಅಂಚಿನಲ್ಲಿ ಬಗ್ಗಿ ಕೂತಿದ್ದಳು, ತುಟಿ ನೀಲಿ. ಎದೆಯಿಂದ ಕುಂಯ್ ಅನ್ನುವ ಸದ್ದೂ ಬರುತ್ತಿರಲಿಲ್ಲ. ಪಂಪು ನರ್ಸಮ್ಮನ ಕೈಯಲ್ಲೇ ಇತ್ತು! ಕಿತ್ತುಕೊಂಡು, "ಅಮ್ಮ ಕಣೇ, ಬಾಯಿ ತೆಗಿ" ಅಂದೆ. ತೆಗೆದಳು.

ಆಸ್ಪತ್ರೆಯಲ್ಲಿ ಅವಳ ಮೂಗಿಗೆ ಆಮ್ಲಜನಕ ಹಾಕಿ, ಇನ್ನು ಭಯವಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ನನಗೆ ಮಾತು ಬಂತು. ಜೊತೆಗೆ ಬಂದಿದ್ದ ನರ್ಸಮ್ಮನಿಗೆ ಉಗಿದು ಉಪ್ಪಿನಕಾಯಿ ಹಾಕಿದೆ.

"ಕೈಯಲ್ಲಿ ಔಷಧಿ ಇಟ್ಕೊಂಡು ಮಗು ಸಾಯೋದನ್ನ ನೋಡ್ತಾ ನಿಂತಿದ್ರಲ್ಲ! ನಿಮಗೂ ಮಕ್ಕಳಿದಾರೋ ಇಲ್ವೋ?"

ಅವರು ತೋಳು ಮಡಚಿ ತೋರಿಸಿದರು. ಮುಂಗೈ ಪೂರ್ತಿ ಉಗುರಿನ ಗೀರು.

"ಹೆಡ್‌ಮಾಸ್ಟರು ಬೇಡ ಅಂದ್ರು. ಕೆಲಸ ಹೋದ್ರೆ ಹೋಗ್ಲಿ ಅಂತ ನಾನು ಬಾಯಿಗೆ ಹಿಡಿದೆ, ಅಕ್ಕಾ. ಅವಳೇ ಹಲ್ಲು ಕಚ್ಕೊಂಡ್ಲು. ಪರಚಿ ತಳ್ಳಿದ್ಲು. ಉಸಿರೇ ಇಲ್ಲ, ಆದ್ರೂ ಅಪ್ಪನ್ನ ಕೇಳಿ, ಅಪ್ಪನ್ನ ಕೇಳಿ ಅಂತಾಳೆ. ನಾನೇನ್ ಮಾಡ್ಲಿ?"

ಅಷ್ಟು ಹೊತ್ತು ಯಾರ ಮೇಲೋ ಕಾರಿದ ಬೆಂಕಿ ಈಗ ತನ್ನ ಮನೆ ಹುಡುಕಿಕೊಂಡಿತು. ಆ ಚಪ್ಪಾಳೆ ಕಿವಿಯಲ್ಲಿ ಕೇಳಿಸತೊಡಗಿತು. ನರ್ಸಮ್ಮನ ಕೈ ಹಿಡಿದುಕೊಂಡೆ. ತಪ್ಪಾಯಿತು ಅಂದೆ.

ಗಂಡ ಬಂದಾಗ ಸಂಜೆ. ಅಂಗಿಗೆ ಬ್ಯಾಡ್ಜು ಹಾಗೇ ಇತ್ತು: ನಮ್ಮ ಮಕ್ಕಳು, ನಮ್ಮ ಹಕ್ಕು.

"ಸಭೇಲಿದ್ದೆ ಕಣೇ. ಫೋನು ಸೈಲೆಂಟಲ್ಲಿತ್ತು."

"ಸಭೇಲಿ ಏನ್ ಮಾತಾಡ್ತಿದ್ರಿ?"

ಅವರು ಮಗಳ ಕಾಲಬಳಿ ಕೂತು ಅವಳ ಪಾದ ಸವರತೊಡಗಿದರು. ಕಣ್ಣಲ್ಲಿ ನೀರಿತ್ತು. ನನಗೆ ಕನಿಕರ ಬರಲಿಲ್ಲ, ಮೈಯೆಲ್ಲ ಉರಿಯಿತು.

ಡಾಕ್ಟರು ಬಂದು ಪಂಪನ್ನು ಇನ್ನೊಂದು ಸಲ ಎಳೆದುಕೋ ಅಂದರು. ಮಗಳು ಅದನ್ನು ತುಟಿಯವರೆಗೆ ತಂದು ನಿಲ್ಲಿಸಿದಳು.

"ಅಪ್ಪಾ, ತಗೊಳ್ಲಾ?"

ಇವರು ಕಣ್ಣೊರೆಸಿಕೊಂಡು ಮೆತ್ತಗೆ, "ಹೂಂ, ತಗೋ ಕಂದಾ" ಅಂದರು.

ಹೂಂ ಅಂದರು! ಅಷ್ಟಾದ ಮೇಲೂ, ಅವಳ ಉಸಿರು ಅವಳದೇ ಅನ್ನಲು ಬಾಯಿ ಬರಲಿಲ್ಲ, ಅಪ್ಪಣೆ ಕೊಟ್ಟರು. ಕೈ ಹಾಕಿ ಆ ಬ್ಯಾಡ್ಜು ಎಳೆದೆ, ಅಂಗಿಯ ಜೇಬೇ ಹರಿದು ಕೈಗೆ ಬಂತು. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ನೋಡಲಿ.

ಮಗಳು ಪಂಪು ಎಳೆದುಕೊಂಡ ಮೇಲೆ ಅವಳ ಮುಖವನ್ನು ಎರಡು ಕೈಯಲ್ಲೂ ಹಿಡಿದೆ.

"ಇನ್ಮೇಲೆ ಉಬ್ಬಸ ಬಂದ್ರೆ ಯಾರನ್ನ ಕೇಳ್ಬೇಕು? ಯಾರನ್ನೂ ಕೇಳ್ಬಾರ್ದು. ಎಲ್ಲಿ, ಹೇಳು."

ಅವಳು ಬಾಯಿ ತೆರೆದಳು. ಹೇಳುವ ಮೊದಲು, ನನ್ನ ಭುಜದಾಚೆ ಅಪ್ಪನ ಮುಖ ನೋಡಿದಳು.