ಮರದ ಹೊಟ್ಟಿನ ದಿಂಬು

ದೊಡ್ಡ ಸೊಸೆಗೆ ನೆನಪಿರುವ ಮೊಟ್ಟಮೊದಲ ವಾಸನೆಯೆಂದರೆ ಮರದ ಹೊಟ್ಟಿನದು. ಬಡಗಿಯಾಗಿದ್ದ ಅಪ್ಪ ಸಂಜೆ ಬಂದು ಎತ್ತಿಕೊಂಡರೆ, ಅಂಗಿಯ ಜೇಬಿಗೆ ಮೂಗು ತೂರಿಸಿ, ಅವನು ಅವತ್ತು ಯಾವ ಮರ ಕೊಯ್ದಿದ್ದಾನೆ ಎಂದು ಹೇಳಿಬಿಡುತ್ತಿದ್ದಳು. ನಲವತ್ತು ದಾಟಿದರೂ ಆ ಮೂಗಿನ ಮೇಲೆ ಅವಳಿಗೆ ಭಾರಿ ನಂಬಿಕೆ. ಕೆಲಸ ಕೆಟ್ಟದ್ದೂ ಅದರಿಂದಲೇ.

ಅತ್ತೆಯ ಕೌದಿ ಹೊಲಿಯುವ ಕೋಣೆ ಬೀದಿಗೆ ಮುಖ ಮಾಡಿತ್ತು. ಎರಡು ಮೆಷಿನ್ನು, ಒಂದು ಉದ್ದ ಮೇಜು, ಯಾವಾಗಲೂ ತೆರೆದ ಕಿಟಕಿ. ಜನ ಹಳೆಯ ಬಟ್ಟೆ ತಂದುಕೊಟ್ಟರೆ ಕೌದಿ ಮಾಡಿಕೊಡುತ್ತಿದ್ದರು. ಚೂರು ಜೋಡಿಸಿದ ಕಡೆಯೆಲ್ಲ ಹೊಲಿಗೆ ಉಬ್ಬಿ ನಿಲ್ಲುತ್ತದೆ, ಅದನ್ನು ಒತ್ತಿ ಮಲಗಿಸಬೇಕು. ಅದಕ್ಕೆ ಬೇಕಾದ ಸಲಕರಣೆ ನಾನೇ ಮಾಡುತ್ತೇನೆ ಎಂದು ದೊಡ್ಡವಳು ಹಟಕ್ಕೆ ಬಿದ್ದಳು. ಹಳೆಯ ಲಟ್ಟಣಿಗೆಯನ್ನು ಉದ್ದಕ್ಕೆ ಸೀಳಿದಳು. ಹೊಲಿಗೆಯನ್ನು ಅದರ ಗುಂಡು ಬೆನ್ನಿನ ಮೇಲೆ ಬಿಡಿಸಿಟ್ಟರೆ ಇಸ್ತ್ರಿ ಹೊಲಿಗೆಗಷ್ಟೇ ತಾಗುತ್ತದೆ. ಮುರಿದ ಕುರ್ಚಿಯ ಹಲಗೆಯನ್ನು ಉಜ್ಜಿ ಅಂಗೈಗೆ ಹೊಂದುವ ಇಟ್ಟಿಗೆ ಮಾಡಿದಳು. ಆವಿ ಹಾಯಿಸಿದ ಹೊಲಿಗೆಯ ಮೇಲೆ ಅದನ್ನು ಒತ್ತಿ ಇಪ್ಪತ್ತು ಎಣಿಸಿದರೆ, ಮರ ಆವಿಯನ್ನೆಲ್ಲ ಕುಡಿದು, ಹೊಲಿಗೆ ಕಾಗದದಂತೆ ಮಲಗುತ್ತದೆ. ಕೊನೆಯದಾಗಿ, ಬಾಗಿದ ಹೊಲಿಗೆಗಳಿಗೆಂದು, ಮರದ ಹೊಟ್ಟು ಗಿಡಿದು ತುಂಬಿದ ಮೊಟ್ಟೆಯಾಕಾರದ ದಿಂಬು. ಪಕ್ಕದ ಬೀದಿಯ ಬಡಗಿ ಅಂಗಡಿಯಲ್ಲಿ ಹೊಟ್ಟಿನ ಮೂರು ಗುಡ್ಡೆಗಳಿದ್ದವು. ಮೂರನ್ನೂ ಮೂಸಿ ನೋಡಿ, ಎಲ್ಲಕ್ಕಿಂತ ಘಮಘಮಿಸುತ್ತಿದ್ದ ಕೆಂಪು ಮರದ್ದನ್ನೇ ಬಾಚಿಕೊಂಡು ಬಂದಳು.

“ನಮ್ಮ ದೊಡ್ಡವಳ ತಲೆಯಲ್ಲಿ ಒಂದು ಕಾರ್ಖಾನೆಯೇ ಇದೆ,” ಎಂದು ಅತ್ತೆ ಕಿಟಕಿಯಾಚೆ ಹೋಗುವವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಆ ವಾರ ಕೈಯಲ್ಲಿದ್ದದ್ದು ನಿವೃತ್ತ ಟೀಚರಮ್ಮನ ಕೌದಿ. ತೀರಿಕೊಂಡ ಗಂಡನ ಅಂಗಿಗಳನ್ನು ಎಸಳಿನಂತೆ ಕತ್ತರಿಸಿ ಹೂ ಜೋಡಿಸಬೇಕಿತ್ತು. ಹೊಲಿದವಳು ಚಿಕ್ಕ ಸೊಸೆ, ದಿಂಬಿನ ಮೇಲಿಟ್ಟು ಒತ್ತಿದವಳು ದೊಡ್ಡವಳು. ಮರುದಿನ ಬೆಳಿಗ್ಗೆ ನೋಡಿದರೆ ಎರಡು ಬಿಳಿ ಎಸಳುಗಳ ಮೇಲೆ ಕಂದು ಬಣ್ಣದ ಉಂಗುರ.

“ಟೀ!” ಎಂದರು ಅತ್ತೆ, ಚಿಕ್ಕವಳ ಮೆಷಿನ್ನಿನ ಪಕ್ಕದ ಲೋಟ ನೋಡಿ. “ಎಷ್ಟು ಸಲ ಬಡ್ಕೊಂಡೆ ನಿನಗೆ? ಆ ಲೋಟ ಏನು ನಿನ್ನ ಆರನೇ ಬೆರಳಾ?”

ಚಿಕ್ಕವಳು ಪೆಚ್ಚಾದಳು. “ಚೆಲ್ಲಿದ ನೆನಪೇ ಇಲ್ಲ ಅತ್ತೆ... ಚೆಲ್ಲಿರ್ತೀನಿ ಬಿಡಿ. ನನ್ನ ಕೈನ ನಾನೇ ನಂಬಲ್ಲ.”

ಸೋಪು ಹಚ್ಚಿದಳು, ನಿಂಬೆಹಣ್ಣು ಉಜ್ಜಿದಳು. ಕಲೆ ಜಗ್ಗಲಿಲ್ಲ. ಅತ್ತೆ ಅವಳನ್ನು ಮೆಷಿನ್ನಿನಿಂದ ಎಬ್ಬಿಸಿ, ದಾರ ಕತ್ತರಿಸುವ ಮೂಲೆಯ ಸ್ಟೂಲಿಗೆ ಕಳಿಸಿದರು.

ಮಧ್ಯಾಹ್ನ ಒಬ್ಬಳೇ ಇದ್ದಾಗ ದೊಡ್ಡವಳು ದಿಂಬಿನ ಮೇಲೆ ಬಿಳಿ ಚಿಂದಿ ಹಾಸಿ ಆವಿ ಬಿಟ್ಟಳು. ಒಣಗುತ್ತಾ ಬಂದಂತೆ ಅದೇ ಉಂಗುರ ಮೂಡಿತು. ಕೆಂಪು ಹೊಟ್ಟಿನ ಬಣ್ಣವನ್ನು ಆವಿ ಮೇಲಕ್ಕೆ ಎಳೆದು ತಂದಿತ್ತು. ಆಗಲೇ ಹೇಳಬೇಕಿತ್ತು. ಹೇಳಲೆಂದೇ ಎದ್ದಳು. ಬಾಗಿಲಲ್ಲಿ ಅತ್ತೆ ಪಕ್ಕದ ಮನೆಯಾಕೆಗೆ ಲಟ್ಟಣಿಗೆಯ ಕಥೆ ಹೇಳಿ ನಗಿಸುತ್ತಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡು ದಿಂಬನ್ನು ಚಿಂದಿ ಪೆಟ್ಟಿಗೆಯ ಹಿಂದೆ ತಳ್ಳಿದಳು.

ನಾಳೆ ನಾಳೆ ಎನ್ನುತ್ತಾ ಮೂರು ವಾರ ಕಳೆಯಿತು. ಅಷ್ಟರಲ್ಲಿ ಹಳೆಯ ಸ್ವೆಟರುಗಳ ಚೂರು ತುಂಬಿ, ಮೇಲಿನ ಬಟ್ಟೆ ಬಣ್ಣ ಬಿಡದಂತೆ ಎರಡು ಸಲ ಕುದಿಸಿ, ಇನ್ನೊಂದು ದಿಂಬು ಮಾಡಿದಳು.

“ಹಳೇದಕ್ಕೆ ಏನಾಯ್ತಕ್ಕ?” ಎಂದಳು ಚಿಕ್ಕವಳು.

“ಹೊಲಿಗೆ ಬಿಡ್ತು.”

“ಕೊಡು, ಹೊಲಿದು ಕೊಡ್ತೀನಿ. ಅಷ್ಟಾದ್ರೂ ನನ್ನ ಕೈಗೆ ಕೊಡಬಹುದಲ್ಲ?” ಎಂದು ನಕ್ಕಳು. ಅವಳು ಟೀ ಕುಡಿಯುವುದನ್ನೇ ಬಿಟ್ಟಿದ್ದಳು. ಹತ್ತು ಗಂಟೆಗೆ ಬರುವ ತಲೆನೋವಿಗೆ ಹಣೆ ಒತ್ತಿಕೊಂಡು ದಾರ ಕತ್ತರಿಸುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ದೊಡ್ಡವಳು ಇಸ್ತ್ರಿಯ ಕಡೆ ಮುಖ ತಿರುಗಿಸುತ್ತಿದ್ದಳು.

ಕೊನೆಗೊಂದು ದಿನ, ಕಲೆಯ ವಿಷಯ ಅತ್ತೆಯಿಂದ ತಿಳಿದಿದ್ದ ಟೀಚರಮ್ಮ ಒಂದು ಬಿಳಿ ಅಂಗಿ ಹಿಡಿದುಕೊಂಡು ಬಂದರು. “ಬೇರೆ ಬಿಳಿ ಅಂಗಿ ಉಳಿದಿಲ್ಲ. ಇದೊಂದನ್ನ ಒಗೀದೇ ಇಟ್ಕೊಂಡಿದ್ದೆ. ಆ ಎರಡು ಎಸಳಿಗೆ ಇದನ್ನೇ ಕತ್ತರಿಸಿ.” ಹೊರಡುವಾಗ ಮೂಲೆಯ ಸ್ಟೂಲಿನ ಕಡೆ ತಿರುಗಿದರು. “ಬೇಜಾರು ಮಾಡ್ಕೋಬೇಡಮ್ಮ. ಬೇಕಂತ ಮಾಡಿದ್ದಲ್ವಲ್ಲ.”

ಅತ್ತೆ ಅಂಗಿಯನ್ನು ಮೇಜಿನ ಮೇಲೆ ಹರಡಿದರು. ಚಿಕ್ಕವಳು ಕತ್ತರಿ ತಂದು, ಹಿಡಿ ಅಕ್ಕನ ಕಡೆ ಬರುವಂತೆ ಇಟ್ಟಳು. ಕಾಲರಿನ ಮಡಿಕೆಯಲ್ಲಿ ಕತ್ತಿನ ಬೆವರಿನ ಗೆರೆ ಇನ್ನೂ ಹಾಗೇ ಇತ್ತು. ದೊಡ್ಡವಳು ಕತ್ತರಿ ಮುಟ್ಟಲಿಲ್ಲ. ಚಿಂದಿ ಪೆಟ್ಟಿಗೆಯ ಹಿಂದೆ ಕೈ ಹಾಕಿ ದಿಂಬನ್ನು ಎಳೆದು ತಂದು ಅಂಗಿಯ ಪಕ್ಕದಲ್ಲಿಟ್ಟಳು.

“ಅದು ಟೀ ಕಲೆ ಅಲ್ಲ ಅತ್ತೆ. ಇದರ ಬಣ್ಣ. ಅವತ್ತೇ ನನಗೆ ಗೊತ್ತಾಯ್ತು.”

“ಅವತ್ತೇ ಅಂದ್ರೆ?”

“ಅವತ್ತು ಮಧ್ಯಾಹ್ನವೇ.”

ಅತ್ತೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಚಿಕ್ಕವಳು ದಿಂಬನ್ನು ತಿರುಗಿಸಿ ನೋಡಿದಳು. ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ.

“ಮೂರು ವಾರ ಅಕ್ಕ,” ಎಂದಳು. “ನನಗೆ ಮರೆವು ಶುರುವಾಯ್ತೇನೋ ಅಂತ ಹೆದರಿದ್ದೆ.” ದಿಂಬು ಕೆಳಗಿಟ್ಟು ಒಳಗೆ ಹೋದಳು.

ದೊಡ್ಡವಳು ಅಂಗಿಯನ್ನು ಮಡಿಸಿಕೊಂಡು ಟೀಚರಮ್ಮನ ಮನೆಗೆ ನಡೆದಳು. ನಾಲ್ಕು ಬೀದಿ ದಾಟಿ, ಹೊಸಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದಳು. ಟೀಚರಮ್ಮ ಅಂಗಿಯನ್ನು ತೆಗೆದುಕೊಂಡರು.

“ಆ ಹುಡುಗಿಗೆ ಹೇಳಿದ್ರಾ?”

“ಅವಳ ಎದುರಿಗೇ ಹೇಳಿ ಬಂದೆ.”

“ಏನಂದಳು?”

“ಒಳಗೆ ಹೋದಳು.”

ಟೀಚರಮ್ಮ ಅಂಗಿಯ ಮಡಿಕೆ ಬಿಡಿಸಿ ಕಾಲರನ್ನು ಸವರಿದರು. “ಕಲೆ ಇರಲಿ, ಹಾಗೇ ಕೊಡಿ. ಈ ಅಂಗಿ ನನ್ನ ಹತ್ತಿರಾನೇ ಇರಲಿ,” ಎಂದರು. ಬಿಸಿಲು ಜೋರಾಗಿದೆಯೆಂದು ಅವರು ಕೊಟ್ಟ ಕೊಡೆಯನ್ನು ಬೇಡ ಎನ್ನುವ ಧೈರ್ಯವೂ ಅವಳಿಗೆ ಬರಲಿಲ್ಲ.

ಮರಳಿ ಬಂದಾಗ ಮೂರು ಗಂಟೆ. ಎಲ್ಲರ ಊಟ ಮುಗಿದಿತ್ತು. ಚಿಕ್ಕವಳು ತನ್ನ ಮೆಷಿನ್ನಿನ ಮುಂದೆ ಕೂತು ಹೊಲಿಯುತ್ತಿದ್ದಳು. ಪಕ್ಕದಲ್ಲಿ ಲೋಟ ಹಬೆಯಾಡುತ್ತಿತ್ತು. ಅತ್ತೆ ಮೂಲೆಯ ಸ್ಟೂಲನ್ನು ಕಣ್ಣಲ್ಲೇ ತೋರಿಸಿದರು. “ಕಾರ್ಖಾನೆಗೆ ಇವತ್ತು ರಜ. ದಾರ ಕತ್ತರಿಸು.”

ದೊಡ್ಡವಳು ಕೂತಳು. ಹಸಿವಾಗಿತ್ತು, ಆದರೆ ಕೇಳಿಕೊಂಡು ಒಳಗೆ ಹೋಗಲು ಮುಖವಿರಲಿಲ್ಲ. ಒಂದೊಂದೇ ದಾರ ಹುಡುಕಿ ಕತ್ತರಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಮೆಷಿನ್ನಿನ ಸದ್ದು ನಿಂತಿತು. ಚಿಕ್ಕವಳು ಒಳಗೆ ಹೋಗಿ ಮುಚ್ಚಿದ ತಟ್ಟೆಯೊಂದನ್ನು ತಂದಳು. ಅಕ್ಕನ ಮುಖ ನೋಡಲಿಲ್ಲ. ಅವಳ ತೊಡೆಯ ಮೇಲಿದ್ದ ಕೌದಿಯನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡು, ತೆರವಾದ ಕೈಗಳಿಗೆ ಬಿಸಿ ತಟ್ಟೆಯನ್ನು ಕೊಟ್ಟಳು.