ಪೆಟ್ಟಿಗೆ ಉಂಟಾ?

ಬೆಂಗ್ರೆಗೆ ಹೋಗುವ ಫೆರಿ ಇನ್ನೂ ಆಚೆ ದಡದಲ್ಲೇ ಇತ್ತು. ಯಶ್ಮಿತಾ ಬೆಂಚಿನಲ್ಲಿ ಕುಳಿತಳು, ಎದ್ದಳು, ಮತ್ತೆ ಕುಳಿತಳು. ಚೀಲದೊಳಗೆ ಹಿತ್ತಾಳೆ ಬೀಗಗಳು ಕಟಕಟ ಎನ್ನುತ್ತಿದ್ದವು. ಕದ್ದ ಮಾಲು ಇದ್ದವಳ ಹಾಗೆ ಅವಳು ಚೀಲವನ್ನು ಒತ್ತಿ ಹಿಡಿದಳು.

ಮೀನು ಮಾರುವ ಹೆಂಗಸರಿಗೆ ಐಸ್ ಪೆಟ್ಟಿಗೆ ಕೊಟ್ಟರೆ ಮೀನು ಹಾಳಾಗುವುದು ತಪ್ಪುತ್ತದೆಯೇ? ಅದನ್ನು ತಿಳಿಯಲು ಸುರತ್ಕಲ್ಲಿನ ಅವಳ ಸಂಸ್ಥೆ ಚೀಟಿ ಎತ್ತಿ ಬೆಂಗ್ರೆಯ ಅರ್ಧ ಹೆಂಗಸರಿಗೆ ಪೆಟ್ಟಿಗೆ ಕೊಟ್ಟಿತ್ತು, ಉಳಿದವರಿಗೆ ಕೊಟ್ಟಿರಲಿಲ್ಲ. ಎರಡು ಗುಂಪಿನ ನಡುವೆ ವ್ಯತ್ಯಾಸ ಕಂಡರೆ ಮುಂದೆ ಎಲ್ಲರಿಗೂ ಪೆಟ್ಟಿಗೆ. ಕಾಣದಿದ್ದರೆ ಕೊಟ್ಟದ್ದೂ ವಾಪಸ್. ಬಲು ನ್ಯಾಯದ ಏರ್ಪಾಡು. ಚೀಟಿಗೆ ಯಾರ ಮುಖದಾಕ್ಷಿಣ್ಯವೂ ಇಲ್ಲವಲ್ಲ.

ವರ್ಷ ಕಳೆದು ನೋಡಿದರೆ ಹಾಳಾಗುವ ಮೀನು ಎರಡೂ ಕಡೆ ಒಂದೇ ಸಮ ಇಳಿದಿತ್ತು. ವ್ಯತ್ಯಾಸ ಸೊನ್ನೆ.

ಆದರೆ ಯಶ್ಮಿತಾಳ ನಿದ್ದೆ ಕೆಡಿಸಿದ್ದು ಸೊನ್ನೆಯಲ್ಲ, 'ಉಂಟು' ಎಂಬ ಮಾತು. ಸಮೀಕ್ಷೆಯವರು ಪೆಟ್ಟಿಗೆ ಉಂಟಾ ಎಂದು ಕೇಳಿದಾಗ ಚೀಟಿ ಬಾರದ ನಾಝಿಮಾ ಉಂಟು ಎಂದಿದ್ದಳು. ಅವಳ ಹಾಗೆ ಇನ್ನೂ ಎಷ್ಟೋ ಮಂದಿ. ಕೊಡದ ಪೆಟ್ಟಿಗೆ ಆಕಾಶದಿಂದ ಬೀಳುತ್ತದೆಯೇ? ಬರೆದುಕೊಂಡವರ ತಪ್ಪೆಂದು ಯಶ್ಮಿತಾ ಆ 'ಉಂಟು'ಗಳನ್ನೆಲ್ಲ 'ಇಲ್ಲ' ಎಂದು ತಿದ್ದಿಬಿಟ್ಟಿದ್ದಳು. ಅವಳೇನು ಹೊರಗಿನವಳೇ? ತುಳು ಮನೆಯಲ್ಲಿ ಹುಟ್ಟಿದವಳು. ಉಂಟು ಅಂದರೆ ನನ್ನದು ಎಂದಷ್ಟೇ ಅಲ್ಲ, ಬೇಕಾದಾಗ ಸಿಗುತ್ತದೆ ಎಂದೂ ಆಗುತ್ತದೆ ಎಂಬುದು ಹೊಳೆಯಬೇಕಿತ್ತು. ಮೊನ್ನೆ, ಚೀಟಿ ಬಂದಿದ್ದ ಹೇಮಾಕ್ಷಿಯ ಜಗಲಿಯಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಂದು ಬದಿಗೆ ಹೇಮಾಕ್ಷಿಯ ಬಂಗುಡೆ, ಇನ್ನೊಂದು ಬದಿಗೆ ನಾಝಿಮಾಳ ಬೂತಾಯಿ ಮೀನು ತಣ್ಣಗೆ ಮಲಗಿದ್ದವು. ಯಶ್ಮಿತಾಳಿಗೆ ಬಹಳ ನಾಚಿಕೆಯಾಯಿತು.

ಸಂಸ್ಥೆಯ ಮುಖ್ಯಸ್ಥ ಚಿತ್ತರಂಜನ ಸರ್ ಕೆಟ್ಟವರಲ್ಲ. ಹಂಚಿಕೊಂಡದ್ದರಿಂದ ಎಲ್ಲರ ಮೀನೂ ಉಳಿಯಿತು ಎಂದು ಅವಳು ವಾದಿಸಿದಾಗ, ಈ ವರ್ಷ ಸೆಕೆಯೂ ಕಡಿಮೆಯಿತ್ತಲ್ಲ, ಉಳಿಸಿದ್ದು ಪೆಟ್ಟಿಗೆಯೋ ಹವೆಯೋ ಎಂದು ಕೇಳಿದರು.

"ಇನ್ನೊಂದು ವರ್ಷ ನೋಡುವ. ಆದರೆ ಯಾರೂ ಹಂಚಿಕೊಳ್ಳಬಾರದು. ಪೆಟ್ಟಿಗೆಗೆ ಬೀಗ ಹಾಕಿಸಿ ಮಾರಾಯ್ರೆ," ಎಂದರು.

ಫೆರಿ ಬಂತು. ದಾಟುವಷ್ಟು ಹೊತ್ತೂ ಅವಳು ನಿಂತೇ ಇದ್ದಳು. ಪೆಟ್ಟಿಗೆ ಉಳಿಯಬೇಕಾದರೆ ಬೀಗ ಬೀಳಬೇಕು. ಬೀಗ ಬಿದ್ದರೆ ನಾಝಿಮಾಳ ಮೀನು ಕೊಳೆಯಬೇಕು. ಕೊಳೆತಷ್ಟೂ ವರದಿ ಚೆಂದ. ಥೂ, ಇದೆಂಥ ಲೆಕ್ಕ ಎಂದು ಅವಳಿಗೆ ರೋಸಿಹೋಯಿತು.

ಹೇಮಾಕ್ಷಿಯ ಜಗಲಿಯಲ್ಲಿ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಹಂಚಿಕೊಂಡರೆ ಪೆಟ್ಟಿಗೆ ಹೋದೀತು ಎಂದೂ ಹೇಳಿದಳು. ಹೇಮಾಕ್ಷಿ ತಲೆಯಾಡಿಸುತ್ತ ಕೇಳಿ, ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಬೀಗ ಗಟ್ಟಿ ಉಂಟು ಮೇಡಂ. ಕೀ ಎರಡೇ ಅಲ್ವಾ? ನನಗೊಂದು, ನಾಝಿಮಾಗೊಂದು ಆಯ್ತು. ಆಚೆಮನೆ ಸುಂದರಿಗೆ ಎಂತ ಮಾಡುವುದು? ಇನ್ನೊಂದು ಉಂಟಾ?"

ಮೂರನೆಯ ಕೀ ಇರಲಿಲ್ಲ. ಮುಂದಿನ ವರ್ಷವೂ ಸೊನ್ನೆಯೇ ಬರುತ್ತದೆ, ಪೆಟ್ಟಿಗೆಯೂ ಹೋಗುತ್ತದೆ ಎಂದು ಯಶ್ಮಿತಾಳಿಗೆ ಆಗಲೇ ಖಾತ್ರಿಯಾಯಿತು. ಆದರೂ ಪೇಟೆಯಲ್ಲಿ ಮಾಡಿಸಿದರೆ ಕೀ ಸಿಗುತ್ತದಲ್ಲ.

"ಉಂಟು ಅಕ್ಕ," ಎಂದಳು.